ಬ್ರೆಜಿಲ್‌ಗೆ ಸೋಲ್ ಸಂಗೀತದ ರುಚಿ ಹತ್ತಿಸಿದ ಟಿಮ್ ಮಾಯಾ

ಬ್ರೆಜಿಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಫುಟ್‌ಬಾಲ್, ಕಾಫಿ ಮತ್ತು ಕಾರ್ನಿವಾಲ್ ಮೆರವಣಿಗೆ. ಸಂಗೀತದಲ್ಲಿ ಆಸಕ್ತಿ ಉಳ್ಳವರು ಸಾಂಬಾ ಹಾಗೂ ಬೋಸಾ ನೋವಾ ಪ್ರಕಾರಗಳ ಹೆಸರನ್ನೂ ಕೇಳಿರುತ್ತಾರೆ. ಆದರೆ ಆ ದೇಶದ ಅತಿ ದೊಡ್ಡ ಕಂಠ ಯಾರದೆಂದು ಬ್ರೆಜಿಲ್‌ನ ಜನರನ್ನೇ ಕೇಳಿದರೆ, ನಮಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಹೆಸರು ಮುಂದೆ ಬರುತ್ತದೆ. ಅದು ಟಿಮ್ ಮಾಯಾ. 2012ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಬ್ರೆಜಿಲ್ ಆವೃತ್ತಿಯು ಆ ನಾಡಿನ ನೂರು ಶ್ರೇಷ್ಠ ಕಂಠಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನ ದೊರೆತದ್ದು ಅವರಿಗೇ. ಆ ವೇಳೆಗೆ ಅವರು ತೀರಿಕೊಂಡು 14 ವರ್ಷಗಳು ಕಳೆದಿದ್ದವು.

ಅಮೆರಿಕದ ಕಪ್ಪು ವರ್ಣೀಯರ ಸೋಲ್ ಸಂಗೀತವನ್ನು ಪೋರ್ಚುಗೀಸ್ ಭಾಷೆಗೆ ಒಗ್ಗಿಸಿ, ಅದಕ್ಕೆ ಬ್ರೆಜಿಲ್‌ನ ಹಳ್ಳಿಗಾಡಿನ ತಾಳಗಳನ್ನು ಬೆರೆಸಿದ್ದು ಮಾಯಾ ಅವರ ಸಾಧನೆ. ತಮ್ಮ ಹಾಡಿಗೆ ತಾವೇ ಒಡೆಯರಾಗಬೇಕೆಂದು ಧ್ವನಿಮುದ್ರಣ ಕಂಪನಿಗಳ ಎದುರು ಪಟ್ಟುಹಿಡಿದು ನಿಂತ ಕಲಾವಿದರಲ್ಲೂ ಅವರು ಮುಂಚಿನವರು. ಯಾರ ಮಾತಿಗೂ ಬಗ್ಗದ ಆ ಹಟವೇ ಅವರನ್ನು ಎತ್ತರಕ್ಕೇರಿಸಿತು. ಅದೇ ಹಟ ಅವರ ದೇಹವನ್ನೂ ವೃತ್ತಿಯನ್ನೂ ಸವೆಸಿತು. 55 ವರ್ಷಗಳ ಅವರ ಬದುಕನ್ನು ಈ ಎರಡು ಮುಖಗಳಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ.

ಖಾನಾವಳಿಯ ಹುಡುಗ

ಸೆಬಾಸ್ಟಿಯಾವೊ ರೊಡ್ರಿಗೆಸ್ ಮಾಯಾ ಹುಟ್ಟಿದ್ದು 1942ರ ಸೆಪ್ಟೆಂಬರ್ 28ರಂದು, ರಿಯೊ ಡಿ ಜನೈರೊ ನಗರದ ಉತ್ತರ ಭಾಗದಲ್ಲಿರುವ ಟಿಜುಕಾ ಬಡಾವಣೆಯಲ್ಲಿ. ಮಕ್ಕಳು ಹಲವರಿದ್ದ ದೊಡ್ಡ ಸಂಸಾರ. ಸೆಬಾಸ್ಟಿಯಾವೊ ಕಿರಿಯರ ಸಾಲಿನವನು. ತಂದೆ ಖಾನಾವಳಿ ನಡೆಸುತ್ತಿದ್ದರು. ಅಲ್ಲಿ ತಯಾರಾದ ಊಟವನ್ನು ಡಬ್ಬಿಗಳಲ್ಲಿ ತುಂಬಿ ಬಡಾವಣೆಯ ಮನೆಮನೆಗೆ ತಲುಪಿಸುವ ಕೆಲಸ ಈ ಹುಡುಗನ ಪಾಲಿಗೆ ಬಂದಿತ್ತು. ಊಟದ ಡಬ್ಬಿ ಹೊರುವವನೆಂಬ ಅರ್ಥದ ಅಡ್ಡಹೆಸರು ಬೀದಿಯಲ್ಲಿ ಅವನಿಗೆ ಅಂಟಿಕೊಂಡಿತು.

ಹಾಡು ಕಟ್ಟುವ ಗೀಳು ಚಿಕ್ಕಂದಿನಲ್ಲೇ ಹತ್ತಿತ್ತು. ಹದಿಹರೆಯದಲ್ಲಿ ಗೆಳೆಯರ ತಂಡವೊಂದರಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗ ಬೇಗನೆ ಗಿಟಾರ್ ಕಲಿತು, ಬೇರೆಯವರಿಗೆ ಹೇಳಿಕೊಡುವ ಮಟ್ಟಕ್ಕೆ ಬಂದ. ಟಿಜುಕಾದ ಮಟೋಸೊ ರಸ್ತೆಯ ಡಿವಿನೊ ಎಂಬ ಬಾರಿನ ಎದುರು ಸಂಜೆಹೊತ್ತು ಸೇರುತ್ತಿದ್ದ ಹುಡುಗರ ಗುಂಪು ಮುಂದೆ ಬ್ರೆಜಿಲ್‌ನ ಸಂಗೀತ ಚರಿತ್ರೆಯಲ್ಲಿ ಸ್ಥಾನ ಪಡೆಯಿತು. ರಾಬರ್ಟೊ ಕಾರ್ಲೋಸ್, ಎರಾಸ್ಮೊ ಕಾರ್ಲೋಸ್, ಜೋರ್ಜಿ ಬೆನ್ ಇವರೆಲ್ಲ ಆ ಗುಂಪಿನವರು. ಇಲ್ಲಿ ಹೇಳುತ್ತಿರುವ ರಾಬರ್ಟೊ ಕಾರ್ಲೋಸ್ ನಮ್ಮ ಓದುಗರು ಬಲ್ಲ ಫುಟ್‌ಬಾಲ್ ಆಟಗಾರರಲ್ಲ. ಆ ಹೆಸರಿನ ಗಾಯಕರು ಲ್ಯಾಟಿನ್ ಅಮೆರಿಕದಲ್ಲೆಲ್ಲ ಮನೆಮಾತಾದವರು. ಇಬ್ಬರು ಕಾರ್ಲೋಸ್‌ಗಳಿಗೂ ಗಿಟಾರಿನ ಮೊದಲ ಪಾಠಗಳಲ್ಲಿ ನೆರವಾದವನು ಖಾನಾವಳಿಯ ಈ ಹುಡುಗ.

1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಜಗತ್ತೆಲ್ಲ ಆಕಾಶ ನೋಡುತ್ತಿದ್ದ ಆ ದಿನಗಳಲ್ಲಿ ಈ ಹುಡುಗರು ತಮ್ಮ ಗಾಯನ ತಂಡಕ್ಕೆ ಸ್ಪುಟ್ನಿಕ್ಸ್ ಎಂದು ಹೆಸರಿಟ್ಟರು. ನಿರ್ಮಾಪಕ ಕಾರ್ಲೋಸ್ ಇಂಪೀರಿಯಲ್ ನಡೆಸುತ್ತಿದ್ದ ದೂರದರ್ಶನದ ರಾಕ್ ಸಂಗೀತ ಕಾರ್ಯಕ್ರಮದಲ್ಲಿ ತಂಡಕ್ಕೆ ಅವಕಾಶವೂ ಸಿಕ್ಕಿತು. ಆದರೆ ರಾಬರ್ಟೊ ಕಾರ್ಲೋಸ್ ಒಬ್ಬರೇ ಹಾಡಲು ಬೇರೆಯಾಗಿ ಅವಕಾಶ ಪಡೆದಾಗ ಗೆಳೆಯರ ನಡುವೆ ಜಗಳವಾಯಿತು. ಹುಟ್ಟಿದಷ್ಟೇ ಬೇಗ ತಂಡ ಒಡೆಯಿತು. ಸೆಬಾಸ್ಟಿಯಾವೊ ಎಂಬ ಉದ್ದದ ಹೆಸರನ್ನು ಮೊಟಕುಗೊಳಿಸಿ ಟಿಮ್ ಎಂದು ಕರೆದುಕೊಳ್ಳುವಂತೆ ಸೂಚಿಸಿದವರು ಇಂಪೀರಿಯಲ್. ಆ ಹೆಸರು ಮಾತ್ರ ಉಳಿಯಿತು.

ಅಮೆರಿಕದಲ್ಲಿ ಕಲಿತ ಪಾಠ

1959ರಲ್ಲಿ, ತಂದೆ ತೀರಿಕೊಂಡ ಬಳಿಕ, ಹದಿನೇಳರ ತರುಣ ಟಿಮ್ ಅಮೆರಿಕಕ್ಕೆ ಹೊರಟ. ನ್ಯೂಯಾರ್ಕ್ ನಗರದ ಉತ್ತರಕ್ಕೆ ಹಡ್ಸನ್ ನದಿಯ ದಂಡೆಯಲ್ಲಿರುವ ಟ್ಯಾರಿಟೌನ್ ಎಂಬ ಸಣ್ಣ ಊರಿನಲ್ಲಿ ನೆಲೆನಿಂತ. ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ ಇಂಗ್ಲಿಷ್ ಕಲಿತ.

ಅವನು ಅಲ್ಲಿಗೆ ಹೋದ ಕಾಲವೇ ಮುಖ್ಯವಾದುದು. ಕಪ್ಪು ವರ್ಣೀಯರ ಚರ್ಚುಗಳ ಭಕ್ತಿಗಾಯನವೂ ಬೀದಿಯ ರಿದಮ್ ಅಂಡ್ ಬ್ಲೂಸ್ ಸಂಗೀತವೂ ಕೂಡಿ ಸೋಲ್ ಎಂಬ ಹೊಸ ಪ್ರಕಾರ ರೂಪುಗೊಳ್ಳುತ್ತಿದ್ದ ವರ್ಷಗಳವು. ರೇ ಚಾರ್ಲ್ಸ್, ಸ್ಯಾಮ್ ಕುಕ್, ಜೇಮ್ಸ್ ಬ್ರೌನ್ ಅವರ ಹಾಡುಗಳು ರೇಡಿಯೊದಲ್ಲಿ ಮೊಳಗುತ್ತಿದ್ದವು. ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಕಂಪನಿ ತಲೆಯೆತ್ತಿದ್ದೂ 1959ರಲ್ಲೇ. ಅತ್ತ ಬ್ರೆಜಿಲ್‌ನಲ್ಲಿ ಅದೇ ಹೊತ್ತಿಗೆ ಜೊವಾವೊ ಜಿಲ್ಬೆರ್ಟೊ ಅವರ ಬೋಸಾ ನೋವಾ ಜನಪ್ರಿಯವಾಗುತ್ತಿತ್ತು. ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಕೇಳಿಸುವಂತೆ, ಪಿಸುದನಿಯಲ್ಲಿ ಹಾಡುವುದು ಅದರ ರೀತಿ. ಎದೆ ತುಂಬ ಉಸಿರೆಳೆದು, ನೋವನ್ನೂ ನಲಿವನ್ನೂ ಬಚ್ಚಿಡದೆ ಹಾಡುವುದು ಸೋಲ್ ಸಂಗೀತದ ರೀತಿ. ತನ್ನ ದಪ್ಪ ಕಂಠಕ್ಕೆ ಹೊಂದುವುದು ಯಾವುದೆಂಬುದನ್ನು ಟಿಮ್ ಅಮೆರಿಕದಲ್ಲಿ ಕಂಡುಕೊಂಡ.

ಅಲ್ಲಿ ಐಡಿಯಲ್ಸ್ ಎಂಬ ಗಾಯನ ತಂಡವನ್ನು ಸೇರಿ 'ನ್ಯೂ ಲವ್' ಎಂಬ ಹಾಡನ್ನು ಮುದ್ರಿಸಿದ್ದೂ ಉಂಟು. ಅದು ಹೆಸರು ಮಾಡಲಿಲ್ಲ. ಆದರೆ ಆ ಹಾಡನ್ನು ಮರೆಯದ ಮಾಯಾ ಹತ್ತು ವರ್ಷಗಳ ತರುವಾಯ, 1973ರ ಧ್ವನಿಮುದ್ರಿಕೆಯಲ್ಲಿ ಅದನ್ನು ಮತ್ತೆ ಹಾಡಿದರು.

ಅಮೆರಿಕದ ವಾಸ ಮುಗಿದದ್ದು ಸೆರೆಮನೆಯಲ್ಲಿ. ಗಾಂಜಾ ಇಟ್ಟುಕೊಂಡ ಆರೋಪದ ಮೇಲೆ ಬಂಧನಕ್ಕೊಳಗಾಗಿ, ಕೆಲವು ತಿಂಗಳು ಸೆರೆಯಲ್ಲಿದ್ದು, 1963-64ರ ಹೊತ್ತಿಗೆ ಅವರು ಗಡೀಪಾರಾಗಿ ಸ್ವದೇಶಕ್ಕೆ ಮರಳಿದರು. ಕೈಯಲ್ಲಿ ಹಣವಿರಲಿಲ್ಲ. ಬ್ರೆಜಿಲ್‌ನಲ್ಲಿ ಇನ್ನೂ ಯಾರಿಗೂ ಕರಗತವಾಗದ ಒಂದು ಹಾಡುಗಾರಿಕೆ ಮಾತ್ರ ಜೊತೆಯಲ್ಲಿತ್ತು.

ಕಾದು ಕುಳಿತ ವರ್ಷಗಳು

ಮರಳಿ ಬಂದಾಗ ದೇಶ ಬದಲಾಗಿತ್ತು. 1964ರಲ್ಲಿ ಸೇನೆ ಅಧಿಕಾರ ಹಿಡಿಯಿತು. ಸೇನಾಡಳಿತ ಮುಂದಿನ 21 ವರ್ಷ ನಡೆಯಿತು. ಹಳೆಯ ಗೆಳೆಯರ ಸ್ಥಿತಿಯೂ ಬದಲಾಗಿತ್ತು. 1965ರಿಂದ ದೂರದರ್ಶನದಲ್ಲಿ ಪ್ರಸಾರವಾಗತೊಡಗಿದ 'ಜೊವೆಮ್ ಗ್ವಾರ್ಡಾ' ಎಂಬ ಯುವಜನರ ಕಾರ್ಯಕ್ರಮ ರಾಬರ್ಟೊ ಕಾರ್ಲೋಸ್ ಅವರನ್ನು ಯುವಕರ ಆರಾಧ್ಯ ದೈವವಾಗಿಸಿತು. ಎರಾಸ್ಮೊ ಅವರ ಜೊತೆಗಾರರಾಗಿದ್ದರು. ಜೋರ್ಜಿ ಬೆನ್ ಕೂಡ ತಮ್ಮದೇ ಹಾದಿಯಲ್ಲಿ ಹೆಸರು ಗಳಿಸಿದ್ದರು. ಗಿಟಾರ್ ಹೇಳಿಕೊಟ್ಟವರು ಮಾತ್ರ ಅವಕಾಶ ಕೇಳಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಯಿತು.

ಮಾಯಾ ಸಾವೊ ಪಾಲೊ ನಗರಕ್ಕೆ ಹೋದರು. ಹಳೆಯ ಗೆಳೆಯರ ಭೇಟಿ ಅಲ್ಲಿ ಸುಲಭವಾಗಿರಲಿಲ್ಲ. ಸ್ಥೂಲ ದೇಹದ, ಕಪ್ಪು ಮೈಬಣ್ಣದ, ಒರಟು ಮಾತಿನ ಈ ಯುವಕ ಆ ಕಾಲದ ದೂರದರ್ಶನಕ್ಕೆ ಬೇಕಾದ ಮುದ್ದುಮುಖದ ನಾಯಕರಾಗಿರಲಿಲ್ಲ. 1968ರಲ್ಲಿ ಮೊದಲ ಸಣ್ಣ ಧ್ವನಿಮುದ್ರಿಕೆ ಹೊರಬಂದರೂ ಗಮನ ಸೆಳೆಯಲಿಲ್ಲ.

ತಿರುವು ಬಂದದ್ದು 1969ರಲ್ಲಿ, ಅದೂ ಗೀತರಚನೆಯ ಮೂಲಕ. ಮಾಯಾ ಬರೆದ 'ನಾವೊ ವೊ ಫಿಕಾರ್' (ನಾನಿನ್ನು ನಿಲ್ಲಲಾರೆ) ಎಂಬ ಹಾಡನ್ನು ರಾಬರ್ಟೊ ಕಾರ್ಲೋಸ್ ಹಾಡಿದರು. ಅದು ಜಯಭೇರಿ ಹೊಡೆಯಿತು. ನಯವಾದ ಪ್ರೇಮಗೀತೆಗಳಿಗೆ ಹೆಸರಾದ ರಾಬರ್ಟೊ ಅವರ ಕಂಠದಲ್ಲಿ ಸೋಲ್ ಸಂಗೀತದ ಬಿಸಿ ಕೇಳಿಬಂದದ್ದು ಶ್ರೋತೃಗಳಿಗೆ ಹೊಸದೆನಿಸಿತು. ಹಾಡು ಬರೆದವರು ಯಾರೆಂಬ ಕುತೂಹಲ ಹುಟ್ಟಿತು.

ಅದೇ ವೇಳೆಗೆ ಯುವ ನಿರ್ಮಾಪಕ ನೆಲ್ಸನ್ ಮೋಟಾ ಅವರ ಕಿವಿಗೆ ಮಾಯಾ ಕಂಠ ಬಿತ್ತು. ಆಗ ಬ್ರೆಜಿಲ್‌ನ ಅಗ್ರಗಾಯಕಿಯೆನಿಸಿದ್ದ ಎಲಿಸ್ ರೆಜಿನಾ ಅವರ 1970ರ ಧ್ವನಿಮುದ್ರಿಕೆಯಲ್ಲಿ ಮಾಯಾ ರಚಿಸಿದ 'ದೀಸ್ ಆರ್ ದ ಸಾಂಗ್ಸ್' ಎಂಬ ಹಾಡನ್ನು ಸೇರಿಸಲಾಯಿತು. ಮಾಯಾ ಸ್ವತಃ ರೆಜಿನಾ ಜೊತೆ ಅದನ್ನು ಹಾಡಿದರು. ಅಷ್ಟು ದೊಡ್ಡ ಗಾಯಕಿಯ ಎದುರು ಹೊಸಬನೊಬ್ಬ ಅಳುಕಿಲ್ಲದೆ ಹಾಡಿದ್ದನ್ನು ಕೇಳಿದ ಮೇಲೆ ಅವರನ್ನು ಕಡೆಗಣಿಸುವುದು ಯಾರಿಗೂ ಸಾಧ್ಯವಾಗಲಿಲ್ಲ.

ನಾಲ್ಕು ಮುದ್ರಿಕೆ, ಒಂದೇ ಹೆಸರು

ರಾಕ್ ತಂಡ ಊಸ್ ಮುಟಾಂಟೆಸ್‌ನ ಶಿಫಾರಸಿನಿಂದ ಮಾಯಾ ಅವರಿಗೆ ಪಾಲಿಡೋರ್ ಕಂಪನಿಯ ಬಾಗಿಲು ತೆರೆಯಿತು. 1970ರಲ್ಲಿ ಹೊರಬಂದ ಅವರ ಮೊದಲ ದೊಡ್ಡ ಮುದ್ರಿಕೆಗೆ ಅವರ ಹೆಸರೇ ಶೀರ್ಷಿಕೆ. ರಿಯೊ ನಗರದ ಮಾರಾಟ ಪಟ್ಟಿಯಲ್ಲಿ ಅದು 24 ವಾರಗಳ ಕಾಲ ಅಗ್ರಸ್ಥಾನದಲ್ಲಿತ್ತು.

ಈ ಮುದ್ರಿಕೆಯ ವಿಶೇಷ ಇರುವುದು ಅದರ ಮಿಶ್ರಣದಲ್ಲಿ. ಗೆಳೆಯ ಕ್ಯಾಸಿಯಾನೊ ಸೇರಿ ರಚಿಸಿದ 'ಪ್ರಿಮವೇರಾ' (ವಸಂತ) ಹಾಗೂ ಮಾಯಾ ಅವರೇ ಬರೆದ 'ಅಜುಲ್ ದ ಕೋರ್ ದೊ ಮಾರ್' (ಕಡಲ ಬಣ್ಣದ ನೀಲಿ) ಶುದ್ಧ ಸೋಲ್ ಧಾಟಿಯ ನಿಧಾನಗತಿಯ ಹಾಡುಗಳು. ಅವುಗಳ ಪಕ್ಕದಲ್ಲೇ 'ಕೊರೊನೆ ಆಂಟೊನಿಯೊ ಬೆಂಟೊ' ಎಂಬ ಹಾಡಿದೆ. ಮರನ್ಯಾವೊ ಪ್ರಾಂತ್ಯದ ಗೀತಕಾರ ಜೊವಾವೊ ದೊ ವಾಲೆ ಮತ್ತು ಲೂಯಿಸ್ ವಾಂಡರ್ಲೆ ಅವರ ಈ ರಚನೆ ಬರಪೀಡಿತ ಈಶಾನ್ಯ ಬ್ರೆಜಿಲ್‌ನ ಹಳ್ಳಿಯ ಮದುವೆಯೊಂದರ ಕಥೆ ಹೇಳುತ್ತದೆ. ಅಕಾರ್ಡಿಯನ್ ವಾದ್ಯದೊಂದಿಗೆ ಕುಣಿಯುವ ಬೈಯಾವೊ ಎಂಬ ಜನಪದ ತಾಳ ಅದರ ಮೂಲ. ಮಾಯಾ ಆ ತಾಳದ ಮೇಲೆ ಅಮೆರಿಕದ ಫಂಕ್ ಸಂಗೀತದ ಗಿಟಾರನ್ನೂ ತುತ್ತೂರಿಗಳನ್ನೂ ಹತ್ತಿಸಿದರು. ಹೊರಗಿನಿಂದ ತಂದದ್ದು ಎರವಲಾಗಿ ಉಳಿಯದೆ ಸ್ವಂತದ್ದಾದದ್ದು ಇಂಥ ಹಾಡುಗಳಿಂದ. ಈಶಾನ್ಯದ ಬಡವರು ಸಂತನೆಂದು ಪೂಜಿಸುವ ಪಾದ್ರಿ ಸಿಸೆರೊ ಕುರಿತ ಹಾಡೂ ಅದೇ ಮುದ್ರಿಕೆಯಲ್ಲಿದೆ.

1971, 1972 ಮತ್ತು 1973ರಲ್ಲಿ ಬಂದ ಮುದ್ರಿಕೆಗಳಿಗೂ 'ಟಿಮ್ ಮಾಯಾ' ಎಂಬುದೇ ಹೆಸರು. ಹಣ ಬೇಡ, ಪ್ರೀತಿ ಸಾಕು ಎಂಬ ಅರ್ಥದ ಶೀರ್ಷಿಕೆಯುಳ್ಳ 'ನಾವೊ ಕ್ವೆರೊ ಡಿನ್ಯೆಯ್ರೊ' 1971ರದು. ಮದುವೆ ಮನೆಗಳಲ್ಲಿ, ಫುಟ್‌ಬಾಲ್ ಕ್ರೀಡಾಂಗಣಗಳಲ್ಲಿ ಜನ ದನಿಗೂಡಿಸುವ ಹಾಡು ಅದಾಯಿತು. ಟಿಜುಕಾದ ಹಳೆಯ ಗೆಳೆಯ ಎಡ್ಸನ್ ಟ್ರಿಂಡಾಡೆ ಬರೆದ 'ಗೋಸ್ಟಾವಾ ಟಾಂಟೊ ಡಿ ವೊಸೆ' 1973ರಲ್ಲಿ ಅಗಲಿಕೆಯ ಹಾಡಾಗಿ ಮನೆಮನೆ ತಲುಪಿತು. ಚಾಕೊಲೇಟ್ ಕುರಿತ ಜಾಹೀರಾತಿಗಾಗಿ ಮಾಡಿದ ಪುಟ್ಟ ಹಾಡು ಕೂಡ ಜನರ ಬಾಯಲ್ಲಿ ಉಳಿಯಿತು.

ಈ ಯಶಸ್ಸಿಗೆ ಸಾಮಾಜಿಕ ಮಹತ್ವವೂ ಇತ್ತು. ಗುಲಾಮಗಿರಿಯನ್ನು 1888ರಲ್ಲಿ, ಅಮೆರಿಕ ಖಂಡದ ದೇಶಗಳಲ್ಲೆಲ್ಲ ಕೊನೆಯದಾಗಿ, ರದ್ದುಪಡಿಸಿದ ದೇಶ ಬ್ರೆಜಿಲ್. ತಮ್ಮಲ್ಲಿ ವರ್ಣಭೇದವೇ ಇಲ್ಲವೆಂಬುದು ಸೇನಾಡಳಿತದ ಅಧಿಕೃತ ನಿಲುವಾಗಿತ್ತು. ಹಾಗಿರುವಾಗ ರಿಯೊದ ಉತ್ತರ ಭಾಗದ ಬಡ ಬಡಾವಣೆಗಳಲ್ಲಿ ವಾರಾಂತ್ಯಗಳಲ್ಲಿ ಸಾವಿರಾರು ಕಪ್ಪು ಯುವಜನರು ಸೇರಿ, ಗುಂಗುರು ಕೂದಲನ್ನು ಹೆಮ್ಮೆಯಿಂದ ಬೆಳೆಸಿಕೊಂಡು ಸೋಲ್ ಸಂಗೀತಕ್ಕೆ ಕುಣಿಯತೊಡಗಿದರು. ಪತ್ರಿಕೆಗಳು ಇದನ್ನು ಬ್ಲ್ಯಾಕ್ ರಿಯೊ ಎಂದು ಕರೆದವು. ಈ ಕೂಟಗಳ ಮೇಲೆ ಪೊಲೀಸರ ಗುಪ್ತ ನಿಗಾ ಕೂಡ ಇತ್ತು. ಮಾಯಾ ಚಳವಳಿಯ ಭಾಷಣಕಾರರಾಗಿರಲಿಲ್ಲ. ಆದರೆ ಮೈಬಣ್ಣವನ್ನಾಗಲಿ, ದನಿಯ ಒರಟುತನವನ್ನಾಗಲಿ ಮರೆಮಾಚದೆ ದೇಶದ ಅಗ್ರ ಗಾಯಕನಾಗಬಹುದೆಂಬುದನ್ನು ಅವರು ತೋರಿಸಿಕೊಟ್ಟಿದ್ದರು.

ಬಿಳಿ ಬಟ್ಟೆಯ ದಿನಗಳು

ಕೀರ್ತಿ ಬಂದಂತೆ ಚಟಗಳೂ ಬೆಳೆದವು. ಮದ್ಯ, ಗಾಂಜಾ, ಕೊಕೇನ್ ಯಾವುದನ್ನೂ ಮಾಯಾ ಗುಟ್ಟಾಗಿ ಇಟ್ಟವರಲ್ಲ. ಮೊದಲ ಗಳಿಕೆಯ ಹಣದಲ್ಲಿ ಲಂಡನ್‌ಗೆ ಹೋಗಿ, ಎಲ್‌ಎಸ್‌ಡಿ ಗುಳಿಗೆಗಳನ್ನು ತಂದು ತಮ್ಮ ಧ್ವನಿಮುದ್ರಣ ಕಂಪನಿಯ ಕಚೇರಿಯಲ್ಲಿ ಸಿಬ್ಬಂದಿಗೆ ಹಂಚಿದ ಪ್ರಸಂಗವನ್ನು ನೆಲ್ಸನ್ ಮೋಟಾ ತಾವು ಬರೆದ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ.

1974ರಲ್ಲಿ ಅವರು ಆರ್‌ಸಿಎ ಕಂಪನಿಗೆ ಹೋಗಿ ಜೋಡಿ ಮುದ್ರಿಕೆಯೊಂದರ ಕೆಲಸ ಆರಂಭಿಸಿದ್ದರು. ವಾದ್ಯಗಳ ಭಾಗ ಬಹುಮಟ್ಟಿಗೆ ಮುಗಿದಿತ್ತು. ಹೀಗಿರುವಾಗ ಗೀತಕಾರ ಟಿಬೇರಿಯೊ ಗಾಸ್ಪರ್ ಅವರ ಮನೆಯಲ್ಲಿ ಒಂದು ಪುಸ್ತಕ ಕಣ್ಣಿಗೆ ಬಿತ್ತು. 'ಊನಿವೆರ್ಸೊ ಎಂ ಡೆಜೆಂಕಾಂಟೊ' ಎಂಬ ಆ ಗ್ರಂಥವನ್ನು ಬರೆದವರು ಮನೊಯೆಲ್ ಜಸಿಂಟೊ ಕೊಯೆಲ್ಯೊ. ರಿಯೊದ ಹೊರವಲಯದಲ್ಲಿ 'ವೈಚಾರಿಕ ಸಂಸ್ಕೃತಿ' ಎಂಬ ಪಂಥವನ್ನು ನಡೆಸುತ್ತಿದ್ದ ಗುರು ಅವರು. ಮನುಷ್ಯರು ಬೇರೊಂದು ಉನ್ನತ ಲೋಕದಿಂದ ಜಾರಿಬಿದ್ದವರು, ಈ ಗ್ರಂಥವನ್ನು ಓದಿ ಓದಿ ಶುದ್ಧರಾದರೆ ಅಲ್ಲಿಗೆ ಮರಳಬಹುದು ಎಂಬುದು ಪಂಥದ ತಿರುಳು. ಹಾರುವ ತಟ್ಟೆಗಳೂ ಅದರ ನಂಬಿಕೆಯ ಭಾಗವಾಗಿದ್ದವು.

ಮಾಯಾ ಆ ಪಂಥಕ್ಕೆ ಸಂಪೂರ್ಣ ಶರಣಾದರು. ಮದ್ಯ, ಮಾದಕ ವಸ್ತು, ಮಾಂಸ ಎಲ್ಲವನ್ನೂ ತ್ಯಜಿಸಿದರು. ಬಿಳಿ ಬಟ್ಟೆ ತೊಟ್ಟರು. ವಾದ್ಯಗಾರರೂ ಬಿಳಿ ಉಡುಗೆ ಧರಿಸಿ ಗ್ರಂಥ ಓದಬೇಕೆಂದು ಕಟ್ಟುಪಾಡು ವಿಧಿಸಿದರು. ವಾದ್ಯಗಳಿಗೂ ಬಿಳಿ ಬಣ್ಣ ಬಳಿಯಲಾಯಿತು. ಸಿದ್ಧವಾಗಿದ್ದ ಹಾಡುಗಳ ಸಾಹಿತ್ಯವನ್ನು ತೆಗೆದುಹಾಕಿ, ಅದೇ ವಾದ್ಯಸಂಗೀತದ ಮೇಲೆ ಪಂಥದ ಬೋಧನೆಯನ್ನು ಹೊಸದಾಗಿ ಬರೆದು ಹಾಡಿದರು.

ಪ್ರೇಮಗೀತೆಗಳನ್ನು ನಿರೀಕ್ಷಿಸಿದ್ದ ಆರ್‌ಸಿಎ ಕಂಪನಿ ಇದನ್ನು ಬಿಡುಗಡೆ ಮಾಡಲು ಒಪ್ಪಲಿಲ್ಲ. ಮಾಯಾ ಹಿಂಜರಿಯದೆ ಮುದ್ರಣದ ಟೇಪುಗಳನ್ನೇ ಕೊಂಡುಕೊಂಡು, ತಮ್ಮ ಸೆರೋಮಾ ಸಂಸ್ಥೆಯ ಮೂಲಕ ಹೊರತಂದರು. ಸೆಬಾಸ್ಟಿಯಾವೊ, ರೊಡ್ರಿಗೆಸ್, ಮಾಯಾ ಎಂಬ ತಮ್ಮ ಹೆಸರಿನ ಮೂರು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು ಅದು. 'ರಾಸಿಯೊನಾಲ್' ಎಂಬ ಶೀರ್ಷಿಕೆಯ ಮೊದಲ ಸಂಪುಟ 1975ರಲ್ಲಿ ಬಂತು. ಅದರ ಬೆನ್ನಿಗೇ ಎರಡನೆಯದೂ ಬಂತು.

ಚಟಗಳಿಂದ ದೂರವಾಗಿದ್ದ ಆ ತಿಂಗಳುಗಳಲ್ಲಿ ಮಾಯಾ ಕಂಠ ಹಿಂದೆಂದೂ ಇಲ್ಲದಷ್ಟು ತಿಳಿಯಾಗಿತ್ತು, ಬಲಿಷ್ಠವಾಗಿತ್ತು. ವಾದ್ಯಮೇಳವೂ ಬಿಗಿಯಾಗಿತ್ತು. ಆದರೆ ರೇಡಿಯೊ ಕೇಂದ್ರಗಳು ಪಂಥಪ್ರಚಾರವನ್ನು ಪ್ರಸಾರ ಮಾಡಲು ಮುಂದಾಗಲಿಲ್ಲ. ಅಂಗಡಿಗಳಲ್ಲಿ ಮಾರಾಟ ಕುಸಿಯಿತು. ಕೈಯಲ್ಲಿದ್ದ ಹಣ ಕರಗಿತು. ಅಷ್ಟರಲ್ಲಿ ಗುರುವಿನ ಮೇಲಿನ ನಂಬಿಕೆಯೂ ಮುರಿದುಬಿತ್ತು. ತಾವು ಮೋಸಹೋದೆವೆಂದು ಕೆರಳಿದ ಮಾಯಾ ಪಂಥವನ್ನು ತೊರೆದರು. ಎರಡೂ ಸಂಪುಟಗಳನ್ನು ಮಾರುಕಟ್ಟೆಯಿಂದ ಹಿಂದೆ ಪಡೆದು ನಾಶಪಡಿಸಲು ಆದೇಶಿಸಿದರು. ಬದುಕಿರುವವರೆಗೂ ಅವುಗಳ ಮರುಮುದ್ರಣಕ್ಕೆ ಸಮ್ಮತಿಸಲಿಲ್ಲ.

ಮತ್ತೆ ಕುಣಿತದ ಅಂಗಳಕ್ಕೆ

ಇಂಥ ಪೆಟ್ಟಿನ ನಂತರವೂ ಮಾಯಾ ಚೇತರಿಸಿಕೊಂಡರು. 1978ರಲ್ಲಿ ಜಗತ್ತೆಲ್ಲ ಡಿಸ್ಕೊ ಸಂಗೀತದ ಅಲೆ ಎದ್ದಿದ್ದಾಗ 'ಟಿಮ್ ಮಾಯಾ ಡಿಸ್ಕೊ ಕ್ಲಬ್' ಬಂತು. ಬಾಂಡಾ ಬ್ಲ್ಯಾಕ್ ರಿಯೊ ತಂಡದ ವಾದ್ಯಗಾರರು ಮತ್ತು ಲಿಂಕನ್ ಒಲಿವೆಟಿ ಅದರಲ್ಲಿ ಕೈಜೋಡಿಸಿದ್ದರು. ನೆಮ್ಮದಿ ಎಂಬ ಅರ್ಥದ 'ಸೊಸೇಗೊ' ಹಾಡು ನೃತ್ಯಕೂಟಗಳಲ್ಲಿ ಎಡೆಬಿಡದೆ ಮೊಳಗಿತು. ಕೆಲಸ ಕೇಳಬೇಡಿ, ನನ್ನನ್ನು ನನ್ನ ಪಾಡಿಗೆ ಬಿಡಿ ಎಂಬ ಧೋರಣೆಯ ಆ ಹಾಡು ಅವರ ಸ್ವಭಾವದ ಸಾರದಂತಿತ್ತು.

1983ರಲ್ಲಿ ಬಂದ 'ಊ ಡೆಸ್ಕೊಬ್ರಿಡೋರ್ ದೊಸ್ ಸೆಟೆ ಮಾರೆಸ್' (ಏಳು ಸಮುದ್ರಗಳ ಶೋಧಕ) ಅವರಿಗೆ ಹೊಸ ತಲೆಮಾರಿನ ಶ್ರೋತೃಗಳನ್ನು ತಂದಿತು. ಮೈಕೆಲ್ ಸುಲಿವನ್ ಮತ್ತು ಪೌಲೊ ಮಸಾಡಾಸ್ ಜೋಡಿ ಬರೆದ ವಿರಹಗೀತೆ 'ಮಿ ಡೆ ಮೊಟಿವೊ' ಅದರಲ್ಲಿತ್ತು. ಅದೇ ಜೋಡಿಯ ಮತ್ತೊಂದು ರಚನೆ 'ಉಂ ಡಿಯಾ ಡಿ ಡೊಮಿಂಗೊ'ವನ್ನು 1985ರಲ್ಲಿ ಗಾಯಕಿ ಗಾಲ್ ಕೋಸ್ಟಾ ಜೊತೆ ಹಾಡಿದರು. ಕೋಸ್ಟಾ ಅವರ ತೆಳುವಾದ ಉಚ್ಚ ಸ್ವರವೂ ಮಾಯಾ ಅವರ ಗಂಭೀರ ಸ್ವರವೂ ಸೇರಿದ ಆ ಯುಗಳಗೀತೆ ದೇಶದ ಜನಪ್ರಿಯ ಹಾಡುಗಳ ಸಾಲಿಗೆ ಸೇರಿತು. 1986ರ 'ದೊ ಲೆಮೆ ಆವೊ ಪೊಂಟಾಲ್' ರಿಯೊದ ಕಡಲತೀರಗಳನ್ನು ಒಂದೊಂದಾಗಿ ಹೆಸರಿಸುತ್ತ ಸಾಗುವ, ನಗರದ ನಾಡಗೀತೆಯಂತಿರುವ ಹಾಡು.

ಒಡೆತನದ ಹಟ, ಖಾಲಿ ವೇದಿಕೆ

ಮಾಯಾ ಕಂಪನಿಯಿಂದ ಕಂಪನಿಗೆ ಹಾರುತ್ತಲೇ ಇದ್ದರು. ಹಾಡಿನ ಹಕ್ಕು ಹಾಡುಗಾರನದೇ ಆಗಿರಬೇಕು, ಲೆಕ್ಕಪತ್ರ ಅವನ ಕೈಯಲ್ಲಿರಬೇಕು ಎಂಬುದು ಅವರ ವಾದ. ಗೀತರಚನೆಯ ಹಕ್ಕುಗಳನ್ನು ಸೆರೋಮಾ ಸಂಸ್ಥೆಯಲ್ಲಿ ಇರಿಸಿಕೊಂಡರು. ಮುಂದೆ ಅಮೆಜಾನ್ ನದಿಯ ದೈತ್ಯ ತಾವರೆಯ ಹೆಸರಾದ ವಿಟೋರಿಯಾ ರೆಜಿಯಾ ಎಂಬುದನ್ನು ತಮ್ಮ ವಾದ್ಯವೃಂದಕ್ಕೂ ಧ್ವನಿಮುದ್ರಣ ಸಂಸ್ಥೆಗೂ ಇಟ್ಟರು. ಸ್ವಂತವಾಗಿ ಮುದ್ರಿಕೆ ಹೊರತರುವುದು ಬಹುತೇಕ ಕಲಾವಿದರಿಗೆ ಕನಸೂ ಆಗಿರದ ಕಾಲದಲ್ಲಿ ಅವರು ಈ ದಾರಿ ಹಿಡಿದಿದ್ದರು. 1990ರಲ್ಲಿ ಬೋಸಾ ನೋವಾ ಗೀತೆಗಳನ್ನು ತಮ್ಮ ಸಂಸ್ಥೆಯಿಂದಲೇ ಹಾಡಿ ಹೊರತಂದರು. ಪಿಸುದನಿಯ ಆ ಹಾಡುಗಳನ್ನು ತುಂಬುಕಂಠದಲ್ಲಿ ಹಾಡಿದರೂ ಅವುಗಳ ಮೃದುತ್ವ ಕೆಡಲಿಲ್ಲ. ದನಿಯ ಮೇಲೆ ಅವರಿಗಿದ್ದ ಹಿಡಿತಕ್ಕೆ ಅದೇ ಸಾಕ್ಷಿ.

ನಾಣ್ಯದ ಇನ್ನೊಂದು ಮುಖ ಅಷ್ಟು ಸುಂದರವಾಗಿರಲಿಲ್ಲ. ಒಪ್ಪಿಕೊಂಡ ಕಛೇರಿಗಳಿಗೆ ಬಾರದಿರುವುದು ಅವರ ವಿಷಯದಲ್ಲಿ ಗಾದೆಯೇ ಆಗಿಹೋಯಿತು. ಟಿಕೆಟ್ ಕೊಂಡು ಕುಳಿತ ಸಾವಿರಾರು ಜನ ಖಾಲಿ ವೇದಿಕೆ ನೋಡಿ ಮನೆಗೆ ಮರಳಿದ ರಾತ್ರಿಗಳು ಒಂದೆರಡಲ್ಲ. ಸಂಘಟಕರು ನ್ಯಾಯಾಲಯದ ಮೆಟ್ಟಿಲೇರಿದರು. ಬಂದ ದಿನವೂ ಅರ್ಧ ಹಾಡಿನಲ್ಲಿ ನಿಲ್ಲಿಸಿ, ಧ್ವನಿವರ್ಧಕದವರನ್ನು ತರಾಟೆಗೆ ತೆಗೆದುಕೊಳ್ಳುವುದು ವಾಡಿಕೆ. ಮಂದ್ರ ಹೆಚ್ಚಿಸಿ, ತಾರ ಹೆಚ್ಚಿಸಿ, ಎಲ್ಲವನ್ನೂ ಹೆಚ್ಚಿಸಿ ಎಂಬ ಅವರ ಬೇಡಿಕೆ ಪ್ರೇಕ್ಷಕರಿಗೆ ಹಾಡಿನಷ್ಟೇ ಪರಿಚಿತವಾಗಿತ್ತು. ಜನ ಸಿಟ್ಟಾಗುತ್ತಿದ್ದರು, ನಗುತ್ತಿದ್ದರು, ಮುಂದಿನ ಸಲ ಮತ್ತೆ ಟಿಕೆಟ್ ಕೊಳ್ಳುತ್ತಿದ್ದರು.

ಈ ಗುಣವನ್ನು ಪ್ರೀತಿಯಿಂದ ಕೆಣಕಿದವರು ಬಾಲ್ಯದ ಗೆಳೆಯ ಜೋರ್ಜಿ ಬೆನ್. 1990ರ ದಶಕದ ಆರಂಭದಲ್ಲಿ ಬಂದ ತಮ್ಮ 'ಡಬ್ಲ್ಯು ಬ್ರಸಿಲ್' ಹಾಡಿನಲ್ಲಿ ಮಾಯಾ ಅವರನ್ನು ವಸತಿ ಸಮುಚ್ಚಯದ ಉಸ್ತುವಾರಿ ನೋಡಿಕೊಳ್ಳುವ ಯಜಮಾನನಂತೆ ಚಿತ್ರಿಸಿದರು. ಅಲ್ಲಿಂದ ಮುಂದೆ ದೇಶಕ್ಕೆ ದೇಶವೇ ಅವರನ್ನು ಯಜಮಾನ ಎಂಬರ್ಥದ 'ಸಿಂಡಿಕೊ' ಎಂದು ಕರೆಯತೊಡಗಿತು. ತಮ್ಮ ಮನೆಯ ಲೆಕ್ಕವನ್ನೇ ನೆಟ್ಟಗೆ ಇಟ್ಟುಕೊಳ್ಳಲಾರದವರಿಗೆ ಈ ಬಿರುದು ಬಂದದ್ದು ತಮಾಷೆಯೇ ಸರಿ.

ನಿಟೆರಾಯ್ ರಂಗಮಂದಿರದಲ್ಲಿ

1990ರ ದಶಕದ ಉತ್ತರಾರ್ಧದಲ್ಲಿ ಮಾಯಾ ಒಂದರ ಹಿಂದೆ ಒಂದರಂತೆ ಮುದ್ರಿಕೆಗಳನ್ನು ಹೊರತಂದರು. 1997ರಲ್ಲಿ ಊಸ್ ಕರಿಯೋಕಾಸ್ ಎಂಬ ಹಿರಿಯ ಗಾಯನ ತಂಡದ ಜೊತೆಗೂ ಹಾಡಿದರು. ಆದರೆ ದೇಹ ಸೋತಿತ್ತು. ಮಿತಿಮೀರಿದ ತೂಕ, ಮಧುಮೇಹ, ರಕ್ತದೊತ್ತಡ ಒಟ್ಟಿಗೆ ಕಾಡುತ್ತಿದ್ದವು. ವೈದ್ಯರ ಮಾತನ್ನು ಕೇಳುವ ಸ್ವಭಾವ ಅವರದಾಗಿರಲಿಲ್ಲ.

1998ರ ಮಾರ್ಚ್ 8ರಂದು, ರಿಯೊದಿಂದ ಕೊಲ್ಲಿಯಾಚೆಗಿರುವ ನಿಟೆರಾಯ್ ನಗರದ ಮುನಿಸಿಪಲ್ ರಂಗಮಂದಿರದಲ್ಲಿ ಅವರ ಕಛೇರಿ ಏರ್ಪಾಡಾಗಿತ್ತು. ದೂರದರ್ಶನಕ್ಕಾಗಿ ಅದನ್ನು ಚಿತ್ರೀಕರಿಸಲಾಗುತ್ತಿತ್ತು. ಬಾರದೆ ತಪ್ಪಿಸಿಕೊಳ್ಳುವುದಕ್ಕೆ ಹೆಸರಾದವರು ಅಂದು ಅನಾರೋಗ್ಯದಲ್ಲೂ ಬಂದಿದ್ದರು. ಮೊದಲ ಹಾಡನ್ನು ಆರಂಭಿಸಿದರು, ಪೂರ್ತಿಗೊಳಿಸಲಾಗಲಿಲ್ಲ. ಕೈಬೀಸಿ ವೇದಿಕೆಯಿಂದ ಇಳಿದರು. ವಾದ್ಯವೃಂದ ನುಡಿಸುತ್ತಲೇ ಇತ್ತು. ಅವರು ಮರಳಲಿಲ್ಲ. ಅಲ್ಲಿಂದ ಆಸ್ಪತ್ರೆಗೆ ಸಾಗಿಸಲಾಯಿತು. ಒಂದು ವಾರದ ಬಳಿಕ, ಮಾರ್ಚ್ 15ರಂದು, ಸೋಂಕು ದೇಹಕ್ಕೆಲ್ಲ ವ್ಯಾಪಿಸಿ ಕೊನೆಯುಸಿರೆಳೆದರು.

ನಾಶವಾಗದ ಮುದ್ರಿಕೆ

ಸಾವಿನ ನಂತರ ಮಾಯಾ ಅವರ ಕೀರ್ತಿ ಕುಂದಲಿಲ್ಲ. ನೆಲ್ಸನ್ ಮೋಟಾ ಬರೆದ ಜೀವನಚರಿತ್ರೆ 2007ರಲ್ಲಿ ಪ್ರಕಟವಾಯಿತು. 2011ರಲ್ಲಿ ಅದು ಸಂಗೀತ ನಾಟಕವಾಗಿ ರಂಗವೇರಿತು. 2014ರಲ್ಲಿ ಮೌರೊ ಲಿಮಾ ನಿರ್ದೇಶನದ ಚಲನಚಿತ್ರ ತೆರೆಕಂಡಿತು. ರಾಬ್ಸನ್ ನೂನೆಸ್ ಯುವಕ ಮಾಯಾ ಆಗಿಯೂ ಬಾಬು ಸಂಟಾನಾ ಪ್ರೌಢ ವಯಸ್ಸಿನ ಮಾಯಾ ಆಗಿಯೂ ನಟಿಸಿದರು. ಮರಿಸಾ ಮೊಂಟೆ, ಲುಲು ಸಾಂಟೋಸ್ ಮೊದಲಾದ ಮುಂದಿನ ತಲೆಮಾರಿನ ಗಾಯಕರು ಅವರ ಹಾಡುಗಳನ್ನು ತಮ್ಮ ರೀತಿಯಲ್ಲಿ ಹಾಡಿ ಉಳಿಸಿದರು. ಅವರ ಸೋದರಳಿಯ ಎಡ್ ಮೋಟಾ 1980ರ ದಶಕದ ಕೊನೆಯಿಂದ ಸೋಲ್ ಮತ್ತು ಜಾಝ್ ಗಾಯಕರಾಗಿ ಹೆಸರು ಗಳಿಸಿದರು.

ಎಲ್ಲಕ್ಕಿಂತ ಅಚ್ಚರಿಯ ಕಥೆ 'ರಾಸಿಯೊನಾಲ್' ಸಂಪುಟಗಳದು. ನಾಶಪಡಿಸಿ ಎಂದು ಮಾಯಾ ಆಜ್ಞಾಪಿಸಿದ್ದರೂ ಕೆಲವು ಪ್ರತಿಗಳು ಹಳೆಯ ಮುದ್ರಿಕೆಗಳ ಅಂಗಡಿಗಳಲ್ಲಿ ಉಳಿದುಕೊಂಡವು. ಸಂಗ್ರಹಕಾರರು ದುಬಾರಿ ಬೆಲೆ ತೆತ್ತು ಕೊಂಡರು, ನಕಲು ಮಾಡಿ ಹಂಚಿದರು. 1988ರಲ್ಲಿ ಸಾವೊ ಪಾಲೊದ ಬಡ ಬಡಾವಣೆಗಳ ಕಪ್ಪು ಯುವಕರು ಕಟ್ಟಿದ ರ್‍ಯಾಪ್ ತಂಡ ತನ್ನ ಹೆಸರನ್ನು ಪಡೆದದ್ದು ಈ ಸಂಪುಟಗಳಿಂದಲೇ. ರಾಸಿಯೊನೈಸ್ ಎಂಸೀಸ್ ಎಂಬ ಆ ತಂಡ ಬ್ರೆಜಿಲ್‌ನ ಅತ್ಯಂತ ಪ್ರಭಾವಶಾಲಿ ರ್‍ಯಾಪ್ ತಂಡವಾಗಿ ಬೆಳೆಯಿತು. ಪೊಲೀಸ್ ದೌರ್ಜನ್ಯ ಮತ್ತು ಬಡತನವನ್ನು ಕುರಿತ ಅವರ 1993ರ ಪ್ರಸಿದ್ಧ ಹಾಡೊಂದರ ಹಿನ್ನೆಲೆಯಲ್ಲಿ ಕೇಳಿಬರುವುದು ಮಾಯಾ ಅವರದೇ ಸಂಗೀತ.

2006ರಲ್ಲಿ ಮೊದಲ ಸಂಪುಟ ಸಿ.ಡಿ. ರೂಪದಲ್ಲಿ ಅಧಿಕೃತವಾಗಿ ಮರುಮುದ್ರಣಗೊಂಡಿತು. ಉಳಿದುಹೋಗಿದ್ದ ಟೇಪುಗಳಿಂದ ಮೂರನೆಯ ಸಂಪುಟವೊಂದು 2011ರಲ್ಲಿ ಬೆಳಕು ಕಂಡಿತು. 2012ರಲ್ಲಿ ನ್ಯೂಯಾರ್ಕಿನ ಲುವಾಕಾ ಬಾಪ್ ಸಂಸ್ಥೆ ಮಾಯಾ ಅವರ 1970ರ ದಶಕದ ಹಾಡುಗಳ ಸಂಕಲನವನ್ನು ಪ್ರಕಟಿಸಿತು. ಯಾವ ದೇಶದಿಂದ ಅವರು ಗಡೀಪಾರಾಗಿದ್ದರೋ ಆ ದೇಶದ ಶ್ರೋತೃಗಳಿಗೆ ಈ ಸಂಕಲನ ಅವರನ್ನು ಪರಿಚಯಿಸಿತು. ಅದರಲ್ಲಿ ಪಂಥದ ದಿನಗಳ ಹಾಡುಗಳಿಗೂ ಪ್ರಮುಖ ಸ್ಥಾನವಿತ್ತು.

ತಮ್ಮ ಹಾಡಿಗೆ ತಾವೇ ಒಡೆಯರೆಂದು ಮಾಯಾ ಜೀವನದುದ್ದಕ್ಕೂ ಹೋರಾಡಿದರು. ಕಂಪನಿಗಳ ಎದುರು ಆ ಹೋರಾಟದಲ್ಲಿ ಬಹುಮಟ್ಟಿಗೆ ಗೆದ್ದರು. ಆದರೆ ತಾವೇ ಅಳಿಸಿಹಾಕಲು ಬಯಸಿದ ಹಾಡುಗಳ ಮೇಲೆ ಮಾತ್ರ ಅವರ ಒಡೆತನ ನಡೆಯಲಿಲ್ಲ. ಅವು ಗುರುವಿನ ಬೋಧನೆಯನ್ನು ಹಿಂದೆ ಬಿಟ್ಟು, ಕೇಳುಗರ ಕೈಯಿಂದ ಕೈಗೆ ದಾಟುತ್ತ ಬದುಕಿಕೊಂಡವು.